ಸಾಲೇಹಾ ಮೇಡಂ ಕಂಡ ಕುರಿಗಾಹಿ

ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಸಾಲೇಹಾ ಮೂವತ್ತೊಂದು ವರ್ಷ ಇಂಗ್ಲಿಷ್ ಕಾವ್ಯ ಕಲಿಸಿದರು. ಹಳೆಯ ಪದ್ಯಗಳ ವಸಂತ, ಹುಲ್ಲುಗಾವಲು, ನಲ್ಲೆಗೆ ಹೂವಿನ ಹಾಸಿಗೆ ಹಾಸುತ್ತೇನೆಂದು ಮಾತು ಕೊಡುವ ಕುರಿಗಾಹಿ, ಎಲ್ಲವನ್ನೂ ವಿವರಿಸಿ ಕೊನೆಗೊಂದು ಮಾತು ತಪ್ಪದೆ ಸೇರಿಸುತ್ತಿದ್ದರು: “ಇದೆಲ್ಲ ಪಟ್ಟಣದ ಕವಿಗಳ ಕನಸು ಕಣ್ರಮ್ಮಾ. ನಿಜವಾಗಿ ಕುರಿ ಕಾಯೋನಿಗೆ ಪ್ರೀತಿ ಮಾಡೋಕೆ ಪುರುಸೊತ್ತೆಲ್ಲಿ?” ಹುಡುಗಿಯರು ನಗುತ್ತಿದ್ದರು, ಪರೀಕ್ಷೆಯಲ್ಲೂ ಅದನ್ನೇ ಬರೆಯುತ್ತಿದ್ದರು.

ನಿವೃತ್ತಿಯಾದ ಮೇಲೆ ಗಂಡ ಸಲೀಮ್ ಜೊತೆ ಅಮೆರಿಕದ ಫ್ರೀಮಾಂಟಿನಲ್ಲಿದ್ದ ಮಗಳ ಮನೆಗೆ ಬಂದರು. ಮಾರ್ಚಿನಲ್ಲಿ ಮನೆ ಹಿಂದಿನ ಗುಡ್ಡವೆಲ್ಲ ಹಸಿರಾಗಿ, ಸಾಸಿವೆ ಹೂವಿನಿಂದ ಹಳದಿಯಾಯಿತು. ಬೇಸಿಗೆಗೆ ಹುಲ್ಲು ಒಣಗಿ ಬೆಂಕಿ ಹತ್ತಬಾರದೆಂದು ಅದನ್ನು ಮೇಯಿಸಲು ನಗರಸಭೆಯವರು ಮುನ್ನೂರು ಕುರಿ ತಂದು ಬಿಟ್ಟರು. ಕಾಯುವವನು ಪೆರುವಿನಿಂದ ಬಂದ ವಿಲ್ಮರ್. ಗುಡ್ಡದ ಬುಡದಲ್ಲೇ, ಗಾಲಿಯ ಮೇಲಿನ ಪುಟ್ಟ ಮನೆಯಂಥ ಒಂದು ಟ್ರೇಲರಿನಲ್ಲಿ ಅವನ ವಾಸ. ವಾಕಿಂಗಿಗೆ ಹೋದಾಗ ಸಾಲೇಹಾ ಕೈಯೆತ್ತುವರು, ಅವನೂ ಎತ್ತುವನು. ಅಷ್ಟೇ ಪರಿಚಯ.

ಒಂದು ಬೆಳಿಗ್ಗೆ ಅವನು “ಮೇಡಂ, ಹೆಲ್ಪ್!” ಎಂದು ಕೂಗಿದ. ಕುರಿಯೊಂದು ಹೆರಲಾರದೆ ಒದ್ದಾಡುತ್ತಿತ್ತು. ಬಕ್ರೀದಿನ ಕುರಿಯ ಹತ್ತಿರವೂ ಸುಳಿಯದ ಸಾಲೇಹಾ ಮೊಣಕಾಲೂರಿ ಅದರ ತಲೆ ಹಿಡಿದುಕೊಂಡರು. ಮರಿ ಹೊರಬಂತು, ಆದರೆ ಅಲುಗಾಡಲಿಲ್ಲ. ಸಾಲೇಹಾ ಶಾಲು ಬಿಚ್ಚಿಕೊಟ್ಟರು. ವಿಲ್ಮರ್ ಅದರಲ್ಲೇ ಮರಿಯನ್ನು ಗಸಗಸ ಉಜ್ಜಿದ, ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿದ. ಮರಿ ಸೀನಿತು!

ಅವನು ಕೈ ಒರೆಸಿಕೊಂಡವನೇ ಊರಲ್ಲಿದ್ದ ಹೆಂಡತಿಗೆ ವೀಡಿಯೊ ಕಾಲ್ ಮಾಡಿದ. ಮೂರು ವರ್ಷದಿಂದ ಫೋನಿನಲ್ಲೇ ಸಂಸಾರ. ಮರಿ ತೋರಿಸಿದ. ಸಾಸಿವೆ ಹೂವಿನ ಗೊಂಚಲು ಕಿತ್ತು ಅವಳ ಮುಖದೆದುರು ಹಿಡಿದ. ಆಮೇಲೆ, ಪಕ್ಕದಲ್ಲಿ ಇವರಿದ್ದಾರೆಂಬ ನಾಚಿಕೆಯೂ ಇಲ್ಲದೆ, ದನಿಯೆತ್ತಿ ಹಾಡಿದ. ಆ ಭಾಷೆಯ ಒಂದಕ್ಷರವೂ ಸಾಲೇಹಾಗೆ ತಿಳಿಯದು. ಅತ್ತ ಆ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಲೇ ಅಳುತ್ತಿದ್ದುದು ಮಾತ್ರ ಚೆನ್ನಾಗಿ ತಿಳಿಯಿತು.

ಮನೆಯಲ್ಲಿ ಸಲೀಮ್ ಗಾಬರಿಯಾದರು. “ಏನಾಯ್ತು? ಬಟ್ಟೆಯೆಲ್ಲ ರಕ್ತ!”

“ಏನೂ ಆಗಿಲ್ಲ ರೀ. ಇಷ್ಟು ವರ್ಷ ತಪ್ಪು ಪಾಠ ಹೇಳ್ಬಿಟ್ಟೆ ಅಷ್ಟೇ.” ಸಾಲೇಹಾ ಕೂತು ಎಲ್ಲ ಹೇಳಿದರು.

ಸಲೀಮ್, “ಹಾಡಿದ್ನಾ? ನಿನ್ನೆದುರಿಗೇನೇ?” ಎಂದರು. ಆಮೇಲೆ, “ನಾಳೆ ನಾನೂ ಬರ್ತೀನಿ.”

ಏಪ್ರಿಲ್ ಕೊನೆಗೆ ಹುಲ್ಲು ಮುಗಿದು ಕುರಿಗಳು ಲಾರಿ ಹತ್ತಿ ಹೋದವು. ಜೂನಿನಲ್ಲಿ ವಿಲ್ಮರ್ ಊರು ಸೇರಿದನಂತೆ. ಸಲೀಮ್ ವಾಕಿಂಗ್ ಬಿಟ್ಟಿಲ್ಲ. ಏರು ಬಂದಲ್ಲಿ ಹೆಂಡತಿಯ ಕೈ ಹಿಡಿಯುತ್ತಾರೆ. ಮಗಳು ಕೇಳಿದರೆ, ಮಂಡಿನೋವು ಎನ್ನುತ್ತಾರೆ.