ಭುಜಕ್ಕೊತ್ತಿ ಹಿಡಿದ ರೈಫಲ್

ಮೊನ್ನೆ ಕನಕಪುರದ ಬಸ್ಸಿನಲ್ಲಿ ಹಿಂದಿನ ಸೀಟಿನವರು ಯಾರೋ ನೋವಿನ ಮುಲಾಮಿನ ಡಬ್ಬಿ ತೆರೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಬಲಭುಜಕ್ಕೆ ಹೋಯಿತು. ನಿಮಗೆ ನಗು ಬರಬಹುದು. ಆ ಭುಜಕ್ಕೆ ಹಿಂದೊಮ್ಮೆ ಒದ್ದದ್ದು ದನವಲ್ಲ, ತಾತನ ಕಾಲದ ಬೇಟೆಯ ರೈಫಲ್.

ಆಗ ನಮ್ಮ ಕಡೆ ರೇಷ್ಮೆಯ ಭರಾಟೆ. ನಡುಮನೆಯನ್ನು ಹುಳುಗಳಿಗೆ ಬಿಟ್ಟುಕೊಟ್ಟು ನಾವು ಜಗಲಿಯಲ್ಲಿ ಮಲಗುತ್ತಿದ್ದೆವು. ಹುಳುಗಳಿಗೆ ಸಿಗುತ್ತಿದ್ದ ಮರ್ಯಾದೆ ಬೀಗರಿಗೂ ಇರಲಿಲ್ಲ. ಸಂಜೆಯಾದರೆ ಅವುಗಳ ಸೊಪ್ಪಿನ ತೋಟಕ್ಕೆ ಕಾಡುಹಂದಿಗಳು ನುಗ್ಗಿ, ಹಸಿ ಮಣ್ಣು ಬಗೆದು, ಗಿಡಗಳನ್ನು ಬುಡಸಮೇತ ಕೆಡವುತ್ತಿದ್ದವು. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ರೈಫಲ್ ಸುಮ್ಮನೆ ಗೋಡೆಯ ಮೇಲಿತ್ತು.

ಒಂದು ದಿನ ಚಿಕ್ಕಪ್ಪ ಬಂದು, "ಯಾಕಣ್ಣ ಸುಮ್ಕೆ ನೇತಾಕಿದ್ದೀಯ? ನಂಗೆ ಕೊಟ್ಬುಡು. ನಿಮ್ಮನೇಲಿ ಹೊಡೆಯೋ ಗಂಡಸು ಯಾರವ್ರೆ?" ಎಂದರು. ಕೊಟ್ಟರೆ ಅವರು ಮೊದಲು ಕಾಯುವುದು ಅವರ ತೋಟವನ್ನೇ. ನಮ್ಮ ಸೊಪ್ಪು ಉಳಿಸಿ ಎಂದು ನಾವು ದಿನಾ ಅವರ ಬಾಗಿಲಲ್ಲಿ ನಿಲ್ಲಬೇಕು. ಹೆಣ್ಣುಮಗಳಾದ ನನಗೆ ಮೈಯೆಲ್ಲ ಉರಿಯಿತು.

"ನಾನಿದ್ದೀನಲ್ಲ" ಎಂದೆ.

ಹೇಳುವುದು ಸುಲಭ. ಅಪ್ಪ ಓಡಾಡಿ ಲೈಸೆನ್ಸಿಗೆ ನನ್ನ ಹೆಸರನ್ನೂ ಸೇರಿಸಿದರು. ಮೊದಲ ಗುಂಡಿಗೆ, ದೂರವಿಟ್ಟಷ್ಟೂ ಪೆಟ್ಟು ಕಮ್ಮಿ ಎಂಬ ನನ್ನದೇ ಲೆಕ್ಕದಲ್ಲಿ ರೈಫಲನ್ನು ಭುಜಕ್ಕೆ ತಾಗಿಸದೆ ಹಿಡಿದೆ. ಒದ್ದ ರಭಸಕ್ಕೆ ಕಾಲುವೆಯ ಕೆಸರಿನಲ್ಲಿ ಕೂತಿದ್ದೆ. ರಾತ್ರಿ ಮುಲಾಮು ಹಚ್ಚಿಕೊಂಡು ಸೊಪ್ಪು ಹಾಕಲು ಹೋದರೆ ಅವ್ವ ಹೊಸಿಲಲ್ಲೇ ತಡೆದಳು.

"ಆ ವಾಸ್ನೆ ಹೊತ್ಕಂಡು ಹುಳಿನ್ ಹತ್ರ ಬರ್ಬ್ಯಾಡ! ಬೆಳೆ ಕೆಟ್ಟೋಯ್ತದೆ."

ಮೈ ತೊಳೆದುಕೊಂಡು ಬಂದೆ. ಅಂದಿನಿಂದ ನನ್ನ ಭುಜಕ್ಕೆ ಬಿಸಿ ಉಪ್ಪಿನ ಗಂಟೇ ಗತಿ.

ಅಪ್ಪ ಮಾತ್ರ ಬಿಡಲಿಲ್ಲ. "ಭಯಕ್ಕೆ ಜಾಗ ಬುಟ್ರೆ ಅದು ಬಾರಿಸ್ತದೆ ಕಣವ್ವ. ಭುಜಕ್ಕೆ ಒತ್ಕೋ. ಎಡಗಾಲು ಮುಂದಿಕ್ಕಿ ಒಸಿ ಬಾಗು." ಆಮೇಲೆ, ಗುಂಡು ಹಾಕಿದ್ದಾರೋ ಇಲ್ಲವೋ ಹೇಳದೆ ರೈಫಲ್ ಕೈಗೆ ಕೊಡತೊಡಗಿದರು. ಬಂದೂಕಿನ ಕುದುರೆ ಎಳೆದೆ, ಬರೀ ಟಿಕ್ಕೆಂದಿತು. ಆದರೂ ನಾನು ಕಣ್ಣು ಮುಚ್ಚಿ ಹೌಹಾರಿದ್ದೆ. ಖಾಲಿ ರೈಫಲಿಗೆ ಹೆದರಿದ ಶೂರೆ ನಾನು! ಅಪ್ಪ ಬಿದ್ದು ಬಿದ್ದು ನಕ್ಕರು. ನನಗೆ ಅಳು ಬಂತು, ಅಳುತ್ತಲೇ ಮತ್ತೆ ಎತ್ತಿ ಹಿಡಿದೆ. ಕಣ್ಣು ಬಿಟ್ಟುಕೊಂಡೇ ಗುಂಡು ಹಾರಿಸುವ ದಿನ ಬರುವವರೆಗೂ ಬಿಡಲಿಲ್ಲ.

ಹುಳುಗಳು ಕಡೆಯ ಹಂತಕ್ಕೆ ಬಂದು ಬುಟ್ಟಿ ಬುಟ್ಟಿ ಸೊಪ್ಪು ಬೇಡುತ್ತಿದ್ದ ಒಂದು ಸಂಜೆ ಹಂದಿಗಳು ಬಂದವು. ಚಿಕ್ಕಪ್ಪ ಬದುವಿನ ಮೇಲೆ ಕೈಕಟ್ಟಿ ನಿಂತಿದ್ದರು. ನಾನು ಕಾಲೂರಿ, ಭುಜಕ್ಕೊತ್ತಿ, ಅವುಗಳನ್ನು ಬೆದರಿಸಲೆಂದು ಎದುರಿನ ಮಣ್ಣಿನ ದಿಬ್ಬಕ್ಕೆ ಹೊಡೆದೆ. ಹಂದಿಗಳು ಬಿದ್ದೆನೋ ಕೆಟ್ಟೆನೋ ಎಂದು ಹಳ್ಳಕ್ಕೆ ಓಡಿದವು. ನಾನು ನಿಂತ ಜಾಗದಲ್ಲೇ ನಿಂತಿದ್ದೆ.

"ಭುಜ ನೋಯ್ತಾ?" ಎಂದರು ಚಿಕ್ಕಪ್ಪ.

"ನೋಯ್ತದೆ. ನೋಯ್ಲಿ" ಎಂದೆ. ರೈಫಲಿನ ಮಾತು ಅವರು ಮತ್ತೆ ಎತ್ತಲಿಲ್ಲ.

ಇಷ್ಟು ನೆನೆಯುವಾಗ ಬಸ್ಸು ಹಾರೋಹಳ್ಳಿ ದಾಟಿತ್ತು. ಪಕ್ಕದ ಮಹಾಶಯರು ಕಾಲಗಲಿಸಿ ಕೂತಿದ್ದರು. ಜಾಗ ಬಿಡುತ್ತಾ ಬಿಡುತ್ತಾ ನಾನು ಸೀಟಿನ ಅಂಚಿಗೆ ಬಂದಿದ್ದೆ. "ಇನ್ನೊಸಿ ಆ ಕಡೆ ಸರೀರಮ್ಮ" ಎಂದರು.

ನಾನು ಎರಡೂ ಪಾದ ನೆಲಕ್ಕೂರಿ, ಅವರ ಕಡೆಗೇ ಭುಜ ಕೊಟ್ಟು ಕೂತೆ. "ನೀವೇ ಸರೀರಿ" ಎಂದೆ.

ಸರಿದರು.