ಡೋಣಿ ದಾರಿಯ ಗೋಲ ಕಟ್ಟಡ

ಗದಗ ಬೇರೆ ಜಿಲ್ಲೆಯಾದ ಹೊಸತರಲ್ಲಿ ಸರಕಾರದವರು ಹೊಸ ಆಫೀಸುಗಳಿಗೆ ಕಂಡಕಂಡಲ್ಲಿ ಜಾಗ ಹುಡುಕುತ್ತಿದ್ದರು. ಡೋಣಿ ದಾರಿಯ ದಿಬ್ಬದ ಮೇಲಿದ್ದ ನಮ್ಮ ಅಬ್ಸರ್ವೇಟರಿಯೂ ಕೆಡವುವ ಲಿಸ್ಟಿಗೆ ಸೇರಿತು. ಯಾವ ಕಾಲದಲ್ಲೋ ಯುನಿವರ್ಸಿಟಿಯವರು ಕಟ್ಟಿಸಿದ್ದು. ಗೋಲಾದ ಕಲ್ಲಿನ ಗೋಡೆ, ಮೇಲೆ ತಗಡಿನ ಡೋಮ್. ಹಗ್ಗ ಜಗ್ಗಿದರೆ ಅದರ ಬಾಯಿ ತೆರೆದು ಆಕಾಶ ಕಾಣುತ್ತಿತ್ತು. ಟೆಲಿಸ್ಕೋಪನ್ನು ಎಂದೋ ವಾಪಸ್ ಒಯ್ದಿದ್ದರು. ಉಳಿದವರು ಇಬ್ಬರೇ: ಅಲ್ಲಿ ಡೆಮಾನ್‌ಸ್ಟ್ರೇಟರ್ ಆಗಿ ರಿಟೈರ್ ಆದ ನಾನು, ಮತ್ತು ವಾಚ್‌ಮನ್ ಚಾಚಾ. ಆ ಡೋಮ್ ಬಡಿದವರು ಚಾಚಾನ ಅಪ್ಪ, ಮುಂಡರಗಿಯ ತಗಡಿನ ಕೆಲಸದವರು.

ಲೆನ್ಸಿಗೆ ಕೆಮ್ಮಣ್ಣಿನ ಧೂಳು ಕೂಡಬಾರದೆಂದು ಚಪ್ಪಲಿ ಹೊರಗೆ ಬಿಡುವ ರೂಲ್ ಮಾಡಿದ್ದೆವು. ಲೆನ್ಸ್ ಹೋದರೂ ರೂಲ್ ಹೋಗಲಿಲ್ಲ. ಬಿಸಿಲಿಗೆ ನೆರಳು ಹುಡುಕಿ ಬರುವ ಹೊಲದ ಹೆಣ್ಣುಮಕ್ಕಳೂ ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟೇ ಒಳಗೆ ಕೂಡುತ್ತಿದ್ದರು. ಸರ್ವೇಗೆ ಬಂದ ಕ್ಲರ್ಕ್ ಆ ಚಪ್ಪಲಿ ಸಾಲು ನೋಡಿದ. ‘ಪ್ರಾರ್ಥನಾ ಸ್ಥಳ’ ಎಂದು ಬರೆದುಕೊಂಡು, ಕೈಮುಗಿದು ಹೋದ. ಕೆಡವುವ ಮಾತು ಅಲ್ಲಿಗೇ ನಿಂತಿತು. ಚಾಚಾನಿಗೆ ಹೋದ ಜೀವ ಬಂದಂತಾಯಿತು.

“ಅಕ್ಕಾರ, ನೀವು ಸುಮ್ಮನಿದ್ರ ಆತು,” ಎಂದ.

ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಕ್ಲರ್ಕ್ ಬರೆದದ್ದನ್ನು ಓದಿ ಅವನ ಮೇಲಿನ ಸಾಹೇಬರೇ ಬಂದು, ಇಲ್ಲಿ ಯಾವ ದೇವರ ಪೂಜೆ ಎಂದು ನೇರ ನನ್ನನ್ನೇ ಕೇಳಿದರು. ಕಾನ್ವೆಂಟಿನ ಸಿಸ್ಟರುಗಳು ತಿದ್ದಿ ಬೆಳೆಸಿದ ನಾಲಿಗೆ ಇದು, ಸುಳ್ಳಿಗೆ ಹೊರಳದು.

“ಪೂಜಿ ಇಲ್ರಿ. ಧೂಳಾಗಬಾರದಂತ ನಾವ ಹಚ್ಚಿದ ರೂಢಿ,” ಎಂದೆ. ಆಮೇಲೆ ಕಟ್ಟಡದ ಹಿಸ್ಟರಿಯನ್ನೆಲ್ಲ ಹೇಳಿಬಿಟ್ಟೆ, ಚಾಚಾನ ಅಪ್ಪನ ಕೈಕೆಲಸವನ್ನೂ ಸೇರಿಸಿ.

ಸಾಹೇಬರು ಗೋಡೆ ತಟ್ಟಿ ನೋಡಿದರು. ಒಳ್ಳೆಯ ಮನುಷ್ಯ. ಇಷ್ಟು ಗಟ್ಟಿ ಗೋಡೆ ಕೆಡವುವುದೇಕೆ, ರೆಕಾರ್ಡ್ ರೂಮ್ ಮಾಡೋಣ, ಚಾಚಾನೇ ನೋಡಿಕೊಳ್ಳಲಿ ಎಂದರು. ಮೇಲಿನ ಬಾಯಿ ಮಾತ್ರ ಕಾಯಂ ಮುಚ್ಚಬೇಕು. ಫೈಲಿನ ಮೇಲೆ ಮಳೆನೀರು ಬೀಳಬಾರದಲ್ಲ.

ಒಂದು ವಾರ, ನಾನು ಒಳಗೆ ಬಂದರೆ ಚಾಚಾ ಎದ್ದು ಹೊರಗೆ ಹೋಗುತ್ತಿದ್ದ. ಕಂಟ್ರಾಕ್ಟರನ ವೆಲ್ಡರ್ ಬಂದ ದಿನ ಅವನನ್ನು ಬಾಗಿಲಲ್ಲೇ ತಡೆದ. “ತೆರದಾವ ನಮ್ಮಪ್ಪ. ಮುಚ್ಚೂದಾದ್ರ ನಾನ ಮುಚ್ಚತೀನಿ.”

ಆ ವಯಸ್ಸಿನಲ್ಲಿ ಏಣಿ ಹತ್ತಿದ. ನಾನು ಒಳಗೆ ನಿಂತು, ನೆಲದ ಮೇಲಿನ ಬಿಸಿಲ ಪಟ್ಟಿ ಸಣ್ಣದಾಗುತ್ತ ಬರುವುದನ್ನು ನೋಡಿದೆ. ಕೊನೆಯ ತಗಡು ಬಿಗಿದಾದ ಮೇಲೆ ಮೇಲಿನಿಂದ ದನಿ ಬಂತು.

“ಅಕ್ಕಾರ, ಎಲ್ಲೆರ ಬೆಳಕು ಕಾಣತೈತೇನ್ರಿ?”

ಒಂದು ಮೊಳೆಯ ಪಕ್ಕದಲ್ಲಿ ಕಾಣುತ್ತಿತ್ತು, ಸೂಜಿಮೊನೆಯಷ್ಟು.

“ಇಲ್ಲ ಚಾಚಾ,” ಎಂದೆ. “ಆತು, ಇಳದ ಬರ್ರಿ.”