ತೊಂಬತ್ತು ಡಿಗ್ರಿಯ ಅಂಕಲ್

ಬೇರೆಯವರ ಅಂಗಿಯ ಜೇಬಿನಲ್ಲಿ ಪೆನ್ನು ಇರುವ ಜಾಗದಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್‌ಗೆ ಹಳದಿ ಬಣ್ಣದ ಥರ್ಮಾಮೀಟರ್ ಗನ್ನು ಇರುತ್ತಿತ್ತು. ಅದರ ಭಾರಕ್ಕೆ ಜೇಬು ಜೋತುಬಿದ್ದು ಎಡಗಡೆಯ ಕಾಲರು ಸದಾ ಅರ್ಧ ಇಂಚು ಕೆಳಗೆ. ಕೆಂಪು ಚುಕ್ಕೆ ಬಿಟ್ಟು ದೂರದಿಂದಲೇ ಬಿಸಿ ಅಳೆಯುವ ಆ ಗನ್ನನ್ನು ಕಾಫಿ ಲೋಟಕ್ಕೂ ಹಿಡಿಯುತ್ತಿದ್ದರು, ದೋಸೆ ಹಂಚಿಗೂ ಹಿಡಿಯುತ್ತಿದ್ದರು. ನನಗೆ ಡ್ರೈವಿಂಗ್ ಕಲಿಸುವಾಗ ಮೊದಲ ಪಾಠವೇ ಸ್ಟಿಯರಿಂಗಿಗೆ ಆ ಚುಕ್ಕೆ. "ನೂರಾ ಮೂವತ್ತು ಫ್ಯಾರನ್‌ಹೀಟ್. ಈಗ ಹಿಡದ್ರ ಚುರ್ ಅಂತೈತಿ. ತಡಿ ತಂಗಿ, ಆರಲಿ."

ಲಾಕ್‌ಡೌನ್ ಸಡಿಲವಾಗಿದ್ದ ದಿನಗಳವು. ಟೆಸ್ಟಿನಲ್ಲಿ ಎರಡು ಸಲ ಫೇಲಾಗಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ ನನ್ನನ್ನು, ಮಾಸ್ಕ್ ಹಾಕಿಕೊಂಡು ಪಕ್ಕದಲ್ಲಿ ಕೂತು, ನಮ್ಮ ಬಡಾವಣೆ ಫೋರ್ ಎಸ್ ರ್ಯಾಂಚಿನ ಬೀದಿಬೀದಿ ಸುತ್ತಿಸಿ ಮೂರನೇ ಸಲಕ್ಕೆ ದಾಟಿಸಿದವರು ಅವರು. ಒಂದು ಸಲವೂ ಗದರಲಿಲ್ಲ. ನಾನು ಬೇರೆಯವರ ಕಸದ ಡಬ್ಬಿಗೆ ಗುದ್ದಿದಾಗಲೂ "ಡಬ್ಬಿ ಜಾಗಾ ತಪ್ಪೈತಿ" ಎಂದರು.

ಹುಬ್ಬಳ್ಳಿ ಕಡೆಯವರು. ಲಾಸ್ ಏಂಜಲೀಸ್ ಹತ್ತಿರದ ಚಾಟ್ಸ್‌ವರ್ತಿನ ಒಂದು ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳನ್ನು ಕಾಯಿಸುವ ಕುಲುಮೆಗಳ ಬಿಸಿ ಸರಿಯಿದೆಯೇ ಎಂದು ಪರೀಕ್ಷಿಸುವುದೇ ಅವರ ಜೀವಮಾನದ ಕೆಲಸವಾಗಿತ್ತು. ರಿಟೈರ್ ಆಗಿ ಸ್ಯಾನ್ ಡಿಯಾಗೋಗೆ ಬಂದ ಮೇಲೆ ಅಳೆಯಲು ಕುಲುಮೆಯಿಲ್ಲದೆ ಚಡಪಡಿಸುತ್ತಿದ್ದಾಗ ಸಿಕ್ಕಿದ್ದು ಹಾವು. ಹಳೆಯ ಕಾರ್ಖಾನೆಯ ಹುಡುಗನೊಬ್ಬ ಕೆಲಸ ಹೋಗಿ ಊರು ಬಿಡುವಾಗ ಎರಡು ವಾರ ಇಟ್ಟುಕೊಳ್ಳಿ ಎಂದು ತನ್ನ ಹೆಬ್ಬಾವಿನ ಮರಿಯನ್ನು ಗಾಜಿನ ಟ್ಯಾಂಕಿನ ಸಮೇತ ಕೊಟ್ಟು ಹೋದ. ಮರಳಿ ಬರಲಿಲ್ಲ. ಅವರ ಕಡೆ ನೆಂಟರಿಗೆ ಪಾವಣ್ಯಾರು ಅನ್ನುತ್ತಾರೆ. ಹಾವಿಗೂ ಅದೇ ಹೆಸರು ನಿಂತಿತು, ಪಾವಣ್ಯಾ.

ಆಂಟಿ ಮಾತ್ರ ಮಹಡಿಯ ಆ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. "ಪಾವಣ್ಯಾರಂದ್ರ ಉಂಡು ಹೋಗ್ತಾರ್ರೀ. ಇದು ನುಂಗಿ ಮಲಗೈತಿ," ಎಂದು ಕೆಳಗಿನಿಂದಲೇ ಕೂಗುತ್ತಿದ್ದರು.

ಟ್ಯಾಂಕಿನ ತಳಕ್ಕೆ ಕರೆಂಟಿನ ಬಿಸಿ ಹಾಳೆ. ಬಿಸಿ ನೋಡಿ ಅದನ್ನು ಹಚ್ಚಿ ಆರಿಸಲು ಒಂದು ಥರ್ಮೋಸ್ಟಾಟು. ಅದರ ಸೆನ್ಸರಿನ ತುದಿಯನ್ನು ಟ್ಯಾಂಕಿನೊಳಗೆ ಅಂಟಿಸಿದ್ದರು. ಒಂದು ಮಗ್ಗುಲು ತೊಂಬತ್ತು ಡಿಗ್ರಿ, ಇನ್ನೊಂದು ಮಗ್ಗುಲು ಎಪ್ಪತ್ತೆಂಟು. "ಹಾವಿಗೆ ತನ್ನ ಬಿಸಿ ತಾನ ಮಾಡ್ಕೊಳ್ಳಾಕ ಬರಂಗಿಲ್ಲ ತಂಗಿ. ಬೇಕಾದಾಗ ಇತ್ಲಾಗ, ಸಾಕಾದಾಗ ಅತ್ಲಾಗ. ಆದ್ರ ಹೊಟ್ಟಿ ಸುಡಾಕತ್ತಿದ್ರೂ ಒಮ್ಮೊಮ್ಮೆ ಎದ್ದು ಹೋಗಂಗಿಲ್ಲ ಮೂಳ, ಅಲ್ಲೇ ಮಲಗಿರತೈತಿ."

ಆ ವರ್ಷದ ಆಗಸ್ಟಿನಲ್ಲಿ, ಕಾರಿನಲ್ಲಿ ಎರಡು ತಾಸಿನ ದಾರಿಯ ಟೊರೆನ್ಸಿನಲ್ಲಿದ್ದ ಅವರ ಮಗಳಿಗೆ ಹೆರಿಗೆಯಾಯಿತು. ಅಂಕಲ್ ಮತ್ತು ಆಂಟಿ ಮೂರು ದಿನಕ್ಕೆ ಹೊರಟರು. ಕೀಲಿ ನನ್ನ ಕೈಗೆ. "ಏನೂ ಮುಟ್ಟಬ್ಯಾಡ. ದಿನಾ ಎರಡು ಹೊತ್ತು ನಂಬರ್ ನೋಡಿ ಫೋಟೋ ಕಳಿಸು. ಅಷ್ಟ."

ಎರಡನೆಯ ದಿನ ನಾಗರ ಪಂಚಮಿ. ಬೆಂಗಳೂರಿನಿಂದ ಬಂದಿದ್ದ ನಮ್ಮತ್ತೆಗೆ, ಇಲ್ಲಿ ತನಿ ಎರೆಯಲು ಹುತ್ತವಿಲ್ಲ, ನಾಗರಕಲ್ಲಿಲ್ಲ ಎಂದು ಒಂದೇ ಕೊರಗು. ನಾನು, ಊರಿಗೇ ಇಲ್ಲದ ವೈಭವ ನನ್ನ ಕೈಲಿದೆ ಎಂಬ ಜಂಬದಲ್ಲಿ, "ಕಲ್ಲು ಯಾಕೆ ಅತ್ತೆ, ಜೀವಂತ ನಾಗಪ್ಪನೇ ಪಕ್ಕದ ಮನೇಲಿದಾನೆ" ಅಂದುಬಿಟ್ಟೆ. ಅರ್ಧ ಗಂಟೆಯಲ್ಲಿ ಬೀದಿಯ ಇನ್ನೂ ನಾಲ್ಕು ಮನೆಯ ಹೆಂಗಸರು ಹಸಿ ಹಾಲು, ಅರಿಶಿನ, ಚಿಗಳಿ ತಂಬಿಟ್ಟು ಹಿಡಿದು ಬಂದರು. ಎಲ್ಲರನ್ನೂ ಅಂಕಲ್ ಮನೆಯ ಮಹಡಿಗೆ ಕರೆದೊಯ್ದು, ವಯಸ್ಸಾದವರಿಗೆ ಸೆಖೆಯಾದೀತೆಂದು ಎಸಿ ಜೋರು ಮಾಡಿದೆ.

ಅತ್ತೆ ಬಗ್ಗಿ ನೋಡಿದರು. "ಇದಕ್ಕೆ ಹೆಡೆ ಎಲ್ಲೇ?"

"ಫಾರಿನ್ ನಾಗಪ್ಪ ಅತ್ತೆ. ಹೆಡೆ ಬರಲ್ಲ."

"ಸರಿ, ಹಾಲೂ ಫಾರಿನ್ನದೇ ತಾನೆ, ಎರಿ."

ಹಾಲು ತಾಗಿ ಷಾಕ್ ಹೊಡೆದೀತೆಂಬ ಭಯಕ್ಕೆ ನಾನು ಸೆನ್ಸರಿನ ವೈರನ್ನು ಕಿತ್ತು ಟ್ಯಾಂಕಿನ ಹೊರಗೆ ಇಳಿಬಿಟ್ಟೆ. ಒಳಗೆ ತಟ್ಟೆಯಿಟ್ಟು ಎಲ್ಲರೂ ಒಂದೊಂದು ಚಮಚ ಎರೆದರು, ಕೈಮುಗಿದರು, ಫೋಟೋ ತೆಗೆದುಕೊಂಡರು. ತಟ್ಟೆ ತೆಗೆದು, ಮುಚ್ಚಳ ಮುಚ್ಚಿ, ಬೀಗ ಹಾಕಿ ಬಂದೆ. ವೈರು ಮಾತ್ರ ಹೊರಗೇ ಉಳಿಯಿತು, ಎಸಿಯೂ ಓಡುತ್ತಲೇ ಉಳಿಯಿತು. ಸಂಜೆ ಮನೆತುಂಬ ಜನ, ಹೋಗಿ ನೋಡಲು ಆಗಲಿಲ್ಲ. ಬೆಳಗಿನ ಫೋಟೋವನ್ನೇ ಇನ್ನೊಮ್ಮೆ ಕಳಿಸಿದೆ, ಅದರಲ್ಲಿ ತೊಂಬತ್ತು ಇತ್ತಲ್ಲ. "ಶಾಣ್ಯಾಕಿ" ಎಂದು ಅವರ ಉತ್ತರ ಬಂತು.

ಮರುದಿನ ಬೆಳಿಗ್ಗೆ ಹೋದಾಗ ಥರ್ಮೋಸ್ಟಾಟಿನ ಮೇಲೆ ಅರವತ್ತೊಂಬತ್ತು. ಅದು ತೋರಿಸುತ್ತಿದ್ದದ್ದು ಕೋಣೆಯ ತಂಪು. ಒಳಗೆ ಇನ್ನೂ ಚಳಿಯಿದೆಯೆಂದು ತಿಳಿದು ಆ ಯಂತ್ರ ಒಂದು ದಿನವಿಡೀ ಬಿಸಿ ಹಾಳೆಯನ್ನು ಕಾಯಿಸಿತ್ತು. ಸೆನ್ಸರನ್ನು ಒಳಗೆ ಅಂಟಿಸಿದೆ. ನೂರಾ ಹದಿನೆಂಟು. ಪ್ಲಗ್ ಕಿತ್ತು, ತಣಿಯುವ ತನಕ ಕಾದು, ಮತ್ತೆ ಹಾಕಿ, ತೊಂಬತ್ತಕ್ಕೆ ಬಂದಾಗ ಫೋಟೋ ತೆಗೆದು ಕಳಿಸಿದೆ. ಗಾಜಿನ ಮೇಲೆ ಬಿದ್ದಿದ್ದ ಹಾಲಿನ ಹನಿಯನ್ನು ಸೆರಗಿನಲ್ಲೇ ಒರೆಸಿದೆ.

ಮಧ್ಯಾಹ್ನ ಅಂಕಲ್ ಬಂದವರೇ ಹಾವನ್ನೆತ್ತಿ ಹೊಟ್ಟೆ ತಿರುಗಿಸಿದರು. ಬಿಳಿಯ ಹೊಟ್ಟೆ ಗೇಣುದ್ದ ಕಂದಿ, ಅಲ್ಲಲ್ಲಿ ಬೊಬ್ಬೆಯೆದ್ದಿತ್ತು. ಅವರು ನೆಲದ ಮೇಲೆ ಕುಳಿತುಬಿಟ್ಟರು.

"ಯಾರರ ಮುಟ್ಟಿದ್ರೇನ ತಂಗಿ?"

"ಇಲ್ಲ ಅಂಕಲ್. ಯಾರೂ ಮುಟ್ಟಿಲ್ಲ."

"ಹಂಗಾರ ಮಷೀನ್ ಕೆಟ್ಟೈತಿ."

ಹಾವು ಬದುಕಿತು. ಡಾಕ್ಟರು ಕೊಟ್ಟ ಮುಲಾಮನ್ನು ಹತ್ತಿಯಲ್ಲಿ ಅದ್ದಿ ಎರಡು ಹೊತ್ತು ಹಚ್ಚಿದರು. ಮೂರು ಸಲ ಪೊರೆ ಕಳಚಿದ ಮೇಲೆ ಗಾಯದ ಬಣ್ಣ ತಿಳಿಯಾಯಿತು. ಕೆಟ್ಟದ್ದು ಅಂಕಲ್ ಅವರ ನಂಬಿಕೆ. ಆ ಥರ್ಮೋಸ್ಟಾಟನ್ನು ಒಂದು ವಾರ ಮೂರು ಥರ್ಮಾಮೀಟರುಗಳ ನಡುವೆ ಇಟ್ಟು ಪರೀಕ್ಷಿಸಿದರು. ಪ್ರತಿ ಸಲವೂ ಅದು ಸರಿಯಾಗಿಯೇ ಹೇಳಿತು. ಬೇರೆಯವರಾಗಿದ್ದರೆ ಯಾರೋ ಮುಟ್ಟಿದ್ದಾರೆ ಅನ್ನುತ್ತಿದ್ದರು. ನಾನು ಮುಟ್ಟಿಲ್ಲ ಅಂದಿದ್ದೆನಲ್ಲ. "ಪೂರಾ ಕೆಟ್ಟ ಮಷೀನ್ ಛಲೋ ತಂಗಿ, ಒಗದು ಬಿಡಬಹುದು. ಒಮ್ಮೊಮ್ಮೆ ಕೆಡೋದು ಐತಲ್ಲ, ಅದು ಭಾಳ ಕೆಟ್ಟದ್ದು. ಯಾವಾಗ ಕೈ ಕೊಡತೈತಿ ಗೊತ್ತಾಗಂಗಿಲ್ಲ."

ಹೊಸದು ತಂದರು. ಅದರ ಮೇಲೂ ನಂಬಿಕೆ ಕೂರಲಿಲ್ಲ. ಅಂದಿನಿಂದ ಅವರು ಮೂರು ತಾಸಿಗಿಂತ ಹೆಚ್ಚು ಮನೆ ಬಿಟ್ಟಿರಲಿಲ್ಲ. ಮಗಳ ಅಪಾರ್ಟ್‌ಮೆಂಟಿಗೆ ಹಾವು ಒಯ್ಯುವಂತಿಲ್ಲ. ಬಿಸಿ ಆರಿಸಿ ಹೋಗೋಣವೆಂದರೆ, ಚಳಿಯಲ್ಲಿ ಹಾವಿಗೆ ತಿಂದದ್ದು ಅರಗದು. ಮಗಳು ಅಳಿಯ ಹಬ್ಬಕ್ಕೊಮ್ಮೆ ಮಗುವನ್ನು ಕರೆತಂದು ಒಪ್ಪೊತ್ತು ಇದ್ದು ಹೋಗುವರು. ಉಳಿದದ್ದೆಲ್ಲ ಫೋನಿನ ವಿಡಿಯೋದಲ್ಲಿ. ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೂ ಆಂಟಿ ಒಬ್ಬರೇ ಹೊರಟರು. "ಮೊಮ್ಮಗಳಿಗಿಂತ ಹಾವು ದೊಡ್ಡದಾತೇನ್ರಿ ನಿಮಗ?" ಎಂದು ಅಂಗಳದಲ್ಲಿ ನಿಂತು ಅತ್ತದ್ದು ನಮ್ಮ ಅಡುಗೆಮನೆಗೆ ಕೇಳಿಸಿತು.

ಅಂದು ನಾನು ಹೋಗಿ, "ನಾನು ನೋಡ್ಕೋತೀನಿ ಅಂಕಲ್, ನೀವು ಹೋಗಿಬನ್ನಿ" ಎಂದೆ. ಅದನ್ನಾದರೂ ಹೇಳಿದೆನೆಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

"ಬ್ಯಾಡ ತಂಗಿ. ಮತ್ತ ಮಷೀನ್ ಕೈ ಕೊಟ್ರ ನಿನ್ನ ಮ್ಯಾಲೆ ಬರತೈತಿ. ಹ್ವಾದ ಸಲಾನ ನಿನ್ನ ಮಾರಿ ನೋಡಾಕ ಆಗಿದ್ದಿಲ್ಲ ನನಗ."

ನಿಜ ಬಾಯಿಯ ತನಕ ಬಂದಿತ್ತು. ನುಂಗಿದೆ. ತಪ್ಪು ಮಾಡಿದ್ದಕ್ಕಲ್ಲ, ಅಷ್ಟು ದಿನ ಸುಮ್ಮನಿದ್ದದ್ದಕ್ಕೆ ಏನು ಹೇಳುವುದೆಂದು ತಿಳಿಯಲಿಲ್ಲ. ದಿನ ಕಳೆದಷ್ಟೂ ಅದು ಬೆಳೆಯಿತು. ಹೀಗೆ ಎರಡು ವರ್ಷ. ಆಮೇಲೆ ಒಂದು ಬೆಳಿಗ್ಗೆ, ಟ್ಯಾಂಕಿನ ನೀರು ಬದಲಿಸಿ ಕೆಳಗಿಳಿದು ಬಂದವರು ಎದೆ ಹಿಡಿದುಕೊಂಡು ಸೋಫಾದಲ್ಲಿ ಕುಳಿತರಂತೆ. ಆಂಬುಲೆನ್ಸು ಬರುವಷ್ಟರಲ್ಲಿ ಮುಗಿದಿತ್ತು.

ತಿಂಗಳ ಮೇಲೆ, ಆಂಟಿ ಮನೆ ಖಾಲಿ ಮಾಡಿ ಮಗಳ ಹತ್ತಿರ ಹೊರಡುವ ಮುಂಚೆ, ನಾನು ಹೇಳಿದೆ. ತನಿ ಎರೆದದ್ದು, ವೈರು ಕಿತ್ತದ್ದು, ಹಳೆಯ ಫೋಟೋ, ಸುಳ್ಳು, ಎಲ್ಲವನ್ನೂ. ಆಂಟಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಕೈ ನಿಂತಿತು.

"ಅವತ್ತ ಹೇಳಿದ್ರ ಅವರು ನಗತಿದ್ರವಾ," ಎಂದರು. "ಹೊಟ್ಟಿ ಹಿಡಕೊಂಡು ನಗತಿದ್ರು. ನಕ್ಕು, ಕಾರ್ ತಗದು, ನನ್ನ ಕೂಡ ಟೊರೆನ್ಸಿಗೆ ಬರತಿದ್ರು."

ಒಂದು ಕಟ್ಟು ಸೊಪ್ಪನ್ನು ನನ್ನ ಕಡೆ ದೂಡಿದರು. ಇಬ್ಬರೂ ಬಿಡಿಸಿದೆವು.

ಆಂಟಿಯ ಮಗಳು ಒಪ್ಪಿದ್ದರಿಂದ ಪಾವಣ್ಯಾ ಈಗ ನಮ್ಮ ಮನೆಯಲ್ಲಿದ್ದಾನೆ. ಕಳೆದ ತಿಂಗಳು ಆಂಟಿಯನ್ನು ನೋಡಲು ಟೊರೆನ್ಸಿಗೆ ಹೋಗಿದ್ದೆ. ಗೋಡೆಯ ಮೇಲೆ ಅಂಕಲ್ ಅವರ ಫೋಟೋ ದೊಡ್ಡದಾಗಿ ಹಾಕಿದ್ದಾರೆ, ಹೂವಿನ ಹಾರದೊಂದಿಗೆ. ಮೊಮ್ಮಗಳನ್ನು ಎತ್ತಿಕೊಂಡು, "ಅಜ್ಜ ಎಲ್ಲಿ?" ಎಂದು ಕೇಳಿದೆ. ಆ ಮಗು ಗೋಡೆಯ ಕಡೆ ನೋಡಲೇ ಇಲ್ಲ. ನನ್ನ ಕೈಯಲ್ಲಿದ್ದ ಫೋನಿನ ಮೇಲೆ ಬೆರಳಿಟ್ಟಿತು.